ಬ್ಯಾಂಕ್ ಕೆಲಸ ಬಿಟ್ಟು ಹೈಸ್ಕೂಲ್ ಮಕ್ಕಳಿಗೆ ನಾಟಕ ಕಲಿಸಬೇಕೆಂದಿದ್ದೇನೆ, ದಾರಿ ಹೇಳಿ

ತೆರೆಮರೆ: ವಯಸ್ಸು 34, ಬಿ.ಕಾಂ., ಖಾಸಗಿ ಬ್ಯಾಂಕಿನಲ್ಲಿದ್ದೇನೆ. ಹವ್ಯಾಸಿ ತಂಡದಲ್ಲಿ ನಟನೆ, ಬೆಳಕು ಎರಡೂ ಗೊತ್ತು. 13ರಿಂದ 16 ವಯಸ್ಸಿನವರಿಗೆ ರಂಗಶಿಕ್ಷಕನಾಗಬೇಕು. ಡಿಪ್ಲೊಮಾ ಬೇಕೇ ಬೇಕೇ? ಬಿ.ಎಡ್. ಇಲ್ಲದೆ ಶಾಲೆಯವರು ತೆಗೆದುಕೊಳ್ಳುತ್ತಾರೆಯೇ? ಮೊದಲ ತಿಂಗಳು ತರಗತಿಯಲ್ಲಿ ಏನು ಮಾಡಿಸಬೇಕು?

ರಂಗದಾರಿ: ಮೊದಲು ವಯೋಮಿತಿ ನೋಡಿ ಸರ್. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980ರಿಂದ ನಡೆಯುತ್ತಿದೆ), ಮೈಸೂರಿನ ರಂಗಾಯಣ, ಸಾಣೇಹಳ್ಳಿಯ ರಂಗಶಾಲೆ, ಬೆಂಗಳೂರಿನ ಎನ್‌ಎಸ್‌ಡಿ (ರಾಷ್ಟ್ರೀಯ ನಾಟಕ ಶಾಲೆ) ಕೇಂದ್ರ, ಎಲ್ಲ ಕಡೆಯೂ ಪೂರ್ಣಾವಧಿ ತರಬೇತಿ. ಕೆಲಸ ಮಾಡುತ್ತಾ ಕಲಿಯಲು ಆಗುವುದಿಲ್ಲ. ನಿಮ್ಮ ವಯಸ್ಸಿಗೆ ಕೆಲವು ಬಾಗಿಲು ಮುಚ್ಚಿರಬಹುದು, ಆ ವರ್ಷದ ಪ್ರಕಟಣೆ ಓದದೆ ರಾಜೀನಾಮೆ ಕೊಡಬೇಡಿ. ಈ ಡಿಪ್ಲೊಮಾಗಳು ಮುಖ್ಯವಾಗಿ ರಂಗಕರ್ಮಿಯನ್ನು ತಯಾರು ಮಾಡುತ್ತವೆ. ಶಾಲೆಗೆಂದೇ ಇರುವ ತರಬೇತಿ ಬೇಕಿದ್ದರೆ ಎನ್‌ಎಸ್‌ಡಿಯ ಅಗರ್ತಲಾ ಕೇಂದ್ರದ ಒಂದು ವರ್ಷದ ಕೋರ್ಸ್ ಗಮನಿಸಿ.

ಖಾಸಗಿ ಶಾಲೆಗಳು ನಾಟಕಕ್ಕೆ ಬಿ.ಎಡ್. ಇಲ್ಲದವರನ್ನೂ ತೆಗೆದುಕೊಳ್ಳುತ್ತವೆ, ಆದರೆ ಹೆಚ್ಚಾಗಿ ಅರೆಕಾಲಿಕವಾಗಿ. ವರ್ಷಪೂರ್ತಿ ಸಂಬಳ ಬೇಕೆಂದರೆ ಕನ್ನಡವನ್ನೋ ಸಮಾಜ ವಿಜ್ಞಾನವನ್ನೋ ಜೊತೆಗೆ ಕಲಿಸಬೇಕಾಗಬಹುದು. ಅದಕ್ಕೆ ಎರಡು ವರ್ಷದ ಬಿ.ಎಡ್. ಬೇಕು. ಸರ್ಕಾರಿ ಪ್ರೌಢಶಾಲೆಯ ನಾಟಕ ಶಿಕ್ಷಕರ ಹುದ್ದೆ ಬಹಳ ಕಡಿಮೆ, ಅದನ್ನು ನಂಬಿ ಮನೆಯ ಲೆಕ್ಕ ಹಾಕಬೇಡಿ.

ಸೈಡ್‌ವಿಂಗ್: ತರಗತಿಯ ಬಗ್ಗೆ ಹೇಳುತ್ತೇನೆ. 40 ನಿಮಿಷದ ಪೀರಿಯಡ್‌ನಲ್ಲಿ ಬೆಂಚು ಸರಿಸಿ ಮತ್ತೆ ಜೋಡಿಸುವುದಕ್ಕೇ 10 ನಿಮಿಷ ಹೋಗುತ್ತದೆ. ಉಳಿದ 30ಕ್ಕೆ ಮಾತ್ರ ಪಾಠ ಯೋಜಿಸಿ.

ಮೊದಲ ದಿನ ಯಾರನ್ನೂ ಒಂಟಿಯಾಗಿ ಮುಂದೆ ಕರೆಯಬೇಡಿ. ಈ ವಯಸ್ಸಿಗೆ ಗೆಳೆಯರ ನಗುವಿನಷ್ಟು ದೊಡ್ಡ ಭಯ ಇನ್ನೊಂದಿಲ್ಲ. ಒಮ್ಮೆ ನಗೆಪಾಟಲಾದ ಹುಡುಗ ವರ್ಷವಿಡೀ ಹಿಂದಿನ ಬೆಂಚು ಬಿಟ್ಟು ಏಳುವುದಿಲ್ಲ. ಮೊದಲ ನಾಲ್ಕು ವಾರ ಎಲ್ಲರೂ ಒಟ್ಟಿಗೆ ಮಾಡುವ ನಡಿಗೆ, ಚಪ್ಪಾಳೆಯ ಲಯ, ಸ್ತಬ್ಧಚಿತ್ರ ಸಾಕು. ಸ್ತಬ್ಧಚಿತ್ರಕ್ಕೆ ಐದೈದು ಜನರ ಗುಂಪು ಮಾಡಿ, ‘ಬಸ್‌ಸ್ಟ್ಯಾಂಡ್’, ‘ರಿಸಲ್ಟ್ ದಿನ’ ಎಂಬಂಥ ಸಂದರ್ಭ ಕೊಡಿ. ತಯಾರಿಗೆ 3 ನಿಮಿಷ, ಅಲ್ಲಾಡದೆ ನಿಲ್ಲುವುದು 10 ಸೆಕೆಂಡು. ನಂತರ ನೀವು ಯಾರ ಪಕ್ಕ ಚಿಟಿಕೆ ಹೊಡೆಯುತ್ತೀರೋ ಆ ಪಾತ್ರ ಒಂದೇ ಒಂದು ಮಾತು ಆಡಬೇಕು. ಬಾಯಿ ಬಿಡದ ಮಕ್ಕಳೂ ಇಲ್ಲಿ ಮಾತಾಡುತ್ತಾರೆ, ಯಾಕೆಂದರೆ ಗುಂಪಿನ ಆಸರೆ ಇದೆ. ಐದನೇ ವಾರ ಇಬ್ಬಿಬ್ಬರ ಆಶುಸಂಭಾಷಣೆ ಶುರುಮಾಡಿ. ಬರೆದ ನಾಟಕ ಅದಾದ ಮೇಲೆಯೇ. ಮೊದಲೇ ಕೊಟ್ಟರೆ ಪಠ್ಯದ ಹಾಗೆ ಕಂಠಪಾಠ ಒಪ್ಪಿಸುತ್ತಾರೆ.

ಹುಡುಗರ ಗಂಟಲು ಒಡೆಯುವ ಕಾಲವಿದು. ಧ್ವನಿತಂತುಗಳು ಉದ್ದ, ದಪ್ಪ ಆಗುತ್ತಿರುವುದರಿಂದ ಸ್ವರ ಇಳಿಯುತ್ತದೆ, ಮಧ್ಯೆ ಕೀರಲಾಗುತ್ತದೆ. ಹುಡುಗಿಯರ ಬಿಳಿ ಐದು (ಹಾರ್ಮೋನಿಯಂನ ಐದನೇ ಬಿಳಿ ಮನೆ) ಶ್ರುತಿಗೇ ರಂಗಗೀತೆ ಹಿಡಿದರೆ ಇವರು ಕಿರುಚಿಯೇ ಮುಟ್ಟಬೇಕು, ಗಂಟಲು ಕಟ್ಟುತ್ತದೆ. ಶ್ರುತಿ ಇಳಿಸಿ, ಷಡ್ಜ–ಪಂಚಮದೊಳಗೇ (ಸ ದಿಂದ ಪ ವರೆಗೆ) ಓಡಾಡುವ ಧಾಟಿ ಆರಿಸಿ. ಅದೂ ಕಷ್ಟವಾದವನಿಗೆ ತಮಟೆಯನ್ನೋ ಗದ್ಯದ ಮಾತನ್ನೋ ಕೊಡಿ. ‘ನಿನಗೆ ಹಾಡಲು ಬರುವುದಿಲ್ಲ’ ಎಂದು ಮಾತ್ರ ಯಾವತ್ತೂ ಹೇಳಬೇಡಿ.

ತೆರೆಮರೆ: ತುಂಬ ಉಪಯೋಗವಾಯಿತು. ಶಾಲೆಯವರು ಕೇಳುವುದು ಆ್ಯನುಯಲ್ ಡೇ ನಾಟಕವನ್ನೇ ಅಲ್ಲವೇ? ಅದಕ್ಕೆ ಎಷ್ಟು ಸಮಯ ಕೇಳಬೇಕು?

ಮೂರನೇ ಬೆಲ್: 25 ನಿಮಿಷದ ನಾಟಕಕ್ಕೆ 40 ಗಂಟೆ ತಾಲೀಮು ಕೇಳಿ. ಡಿಸೆಂಬರ್ ಪ್ರದರ್ಶನವಾದರೆ ಸೆಪ್ಟೆಂಬರ್‌ನಲ್ಲೇ ರೀಡಿಂಗ್ ಶುರುವಾಗಬೇಕು. ‘ಎರಡು ವಾರದಲ್ಲಿ ಮುಗಿಸಿ’ ಅಂದರೆ ಕೊನೆಗೆ ಮಾತುಗಳನ್ನು ರೆಕಾರ್ಡ್ ಮಾಡಿ ಮಕ್ಕಳಿಂದ ತುಟಿ ಆಡಿಸುವ ಸ್ಥಿತಿ ಬರುತ್ತದೆ, ಅಂಥದ್ದನ್ನು ಒಪ್ಪಬೇಡಿ. ಮುಖ್ಯಪಾತ್ರಗಳನ್ನು 8, 9ನೇ ತರಗತಿಗೆ ಕೊಡಿ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ವಿಶೇಷ ತರಗತಿಗೆಂದು ನಡುವೆ ಎಳೆದುಕೊಂಡರೆ ಇಡೀ ದೃಶ್ಯ ಕುಸಿಯುತ್ತದೆ.

ಹಕ್ಕಿನ ವಿಷಯವೂ ಇದೆ. ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಸಿಬ್ಬಂದಿಯೇ ಆಡಿ, ಪ್ರೇಕ್ಷಕರೂ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅದೇ ನಾಟಕವನ್ನು ಹೊರಗೆ ಟಿಕೆಟ್ ಇಟ್ಟು ಆಡಿಸಿದರೆ ನಾಟಕಕಾರರ ಅನುಮತಿ ಬೇಕು. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಕೈಲಾಸಂ 1946ರಲ್ಲೇ ತೀರಿಕೊಂಡವರು, ಅವರ ನಾಟಕಗಳಿಗೆ ಆ ತೊಡಕಿಲ್ಲ.

ಒಪ್ಪಂದ ಬರಹದಲ್ಲಿರಲಿ: ಶಾಲೆ ಬಿಟ್ಟ ಮೇಲಿನ ತಾಲೀಮಿಗೆ ಸಂಭಾವನೆ ಬೇರೆಯೇ, ಪ್ರಸಾಧನ, ಲೈಟು, ಮೈಕಿನ ಬಾಡಿಗೆ ಯಾರದ್ದು, ಆ ಹೊತ್ತಿನಲ್ಲಿ ಶಾಲೆಯ ಶಿಕ್ಷಕಿಯೊಬ್ಬರು ಇರುತ್ತಾರೆಯೇ. ಕೊನೆಯದು ಇಲ್ಲದಿದ್ದರೆ ತಾಲೀಮು ಮಾಡಲೇಬೇಡಿ. ಭಂಗಿ ತಿದ್ದುವಾಗ ಮೈ ಮುಟ್ಟದೆ, ನೀವೇ ಮಾಡಿ ತೋರಿಸಿ. ಮಕ್ಕಳು ಬಟ್ಟೆ ಬದಲಿಸುವ ಕೋಣೆಗೆ ನೀವು ಹೋಗಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ (2012) ಓದಿಕೊಂಡಿರಿ. ಮಗುವೊಂದು ಅಂಥ ದೌರ್ಜನ್ಯದ ವಿಷಯ ನಿಮ್ಮ ಬಳಿ ಹೇಳಿಕೊಂಡರೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕಾನೂನುಬದ್ಧ ಹೊಣೆ.

ರಂಗದಾರಿ: ಒಂದು ಮಾತು ಬಿಟ್ಟುಹೋಗಿತ್ತು. ರಾಜೀನಾಮೆಗೆ ಮೊದಲು ಏಪ್ರಿಲ್–ಮೇ ಬೇಸಿಗೆ ಶಿಬಿರವೊಂದರಲ್ಲಿ ರಜೆ ಹಾಕಿ ಸಹಾಯಕರಾಗಿ ದುಡಿಯಿರಿ. ಸಂಚಾಲಕರನ್ನು ಈಗಲೇ ಕೇಳಿ, ಮಾರ್ಚ್ ಹೊತ್ತಿಗೆ ಅವರ ತಂಡ ಗೊತ್ತಾಗಿಬಿಟ್ಟಿರುತ್ತದೆ. ದೊಡ್ಡ ಮಕ್ಕಳ ಗುಂಪನ್ನೇ ಕೊಡಿ ಅನ್ನಿ.