ಅಪ್‌ಡೇಟ್: ‘ಆಲ್ದೋ’ ಜೊತೆ ‘ಬಟ್’ ಯಾಕೆ ಬರಲ್ಲ

‘ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್’ ಯಾಕೆ ತಪ್ಪು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಗೊಂದಲ ಬಗೆಹರಿದಿದೆ. ಇದೇ ಪ್ರಶ್ನೆ ಇರುವವರಿಗೆ ಬರೆದಿಡುತ್ತಿದ್ದೇನೆ.

ಕನ್ನಡದಲ್ಲಿ ‘ಮಳೆ ಬಂದರೂ ಹೋದೆವು’ ಅಂದರೆ ಜೋಡಿಸುವ ಕೆಲಸವನ್ನು ‘ಬಂದರೂ’ವಿನ ಬಾಲದಲ್ಲಿರುವ ‘ಊ’ ಮಾಡಿಬಿಡುತ್ತದೆ. ಇಂಗ್ಲಿಷಿಗೆ ಬೇರೆಯೇ ಪದ ಬೇಕು, ಆದರೆ ಎರಡು ವಾಕ್ಯದ ನಡುವೆ ಒಂದೇ ಕೊಂಡಿ ಸಾಕು. ಆಲ್ದೋ ಇಟ್ಟರೆ ಬಟ್ ತೆಗೆಯಿರಿ, ಬಟ್ ಇಟ್ಟರೆ ಆಲ್ದೋ ತೆಗೆಯಿರಿ. ‘ಬಿಕಾಸ್’ ಹಾಕಿ ಮತ್ತೆ ‘ಸೋ’ ಹಾಕುವುದೂ ಇದೇ ಕಾಯಿಲೆ. ಒತ್ತು ಬೇಕೇ ಬೇಕೆಂದರೆ ಆಲ್ದೋ ಜೊತೆ ‘ಸ್ಟಿಲ್’ ಬರಬಹುದು: ‘ಆಲ್ದೋ ಇಟ್ ರೇನ್ಡ್, ವಿ ಸ್ಟಿಲ್ ವೆಂಟ್’. ಸ್ಟಿಲ್ ಕೊಂಡಿಯಲ್ಲ, ಕ್ರಿಯಾವಿಶೇಷಣ.

ಕಾಮಾ ವಿಷಯ: ಆಲ್ದೋ ಭಾಗ ಮೊದಲು ಬಂದರೆ ಅದು ಮುಗಿದಲ್ಲಿ ಕಾಮಾ. ಬಟ್ ಎರಡು ಪೂರ್ಣ ವಾಕ್ಯಗಳನ್ನು ಜೋಡಿಸಿದರೆ ಕಾಮಾ ಬಟ್‌ಗಿಂತ ಮೊದಲು, ನಂತರ ಅಲ್ಲ.

‘ಹೌಎವರ್’ ಮಾತ್ರ ಮೋಸಗಾರ. ಅರ್ಥ ಬಟ್‌ನದ್ದೇ, ಆದರೆ ವ್ಯಾಕರಣದಲ್ಲಿ ಕೊಂಡಿಯಲ್ಲ. ಎರಡು ವಾಕ್ಯಗಳ ನಡುವೆ ಬಂದರೆ ಅದರ ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್, ಮುಂದೆ ಕಾಮಾ: ‘ಇಟ್ ರೇನ್ಡ್; ಹೌಎವರ್, ವಿ ವೆಂಟ್’. ಹಿಂದೆ ಬರೀ ಕಾಮಾ ಹಾಕಿದರೆ ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇದು.

ಉತ್ತರಗಳಲ್ಲಿ ಬಂದಿದ್ದ ‘ಅನ್‌ಲೆಸ್’: ‘ನೀನು ಬರದಿದ್ದರೆ’ ಎನ್ನುವಾಗಿನ ನಿಷೇಧ ಅದರೊಳಗೇ ಇದೆ. ಆದ್ದರಿಂದ ‘ಅನ್‌ಲೆಸ್ ಯು ಕಮ್’ ಸಾಕು. ‘ಡೋಂಟ್’ ಸೇರಿಸಿದರೆ ಅರ್ಥ ತಲೆಕೆಳಗು. ‘ವಿಲ್’ ಕೂಡ ಬೇಡ, ಮಾತು ನಾಳೆಯದ್ದಾದರೂ.