ಹಳೆ ವಿದ್ಯಾರ್ಥಿ ಸಂಘದ ವೆಬ್‌ಸೈಟ್ ನನ್ನ ಹೆಗಲಿಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಸಂಪಿಗೆಮರ:

ಎಲ್ಲರಿಗೂ ನಮಸ್ಕಾರ. ಒಂದೇ ಕಾಲೇಜಿನಲ್ಲಿ ಓದಿ ಈಗ ಈ ಊರಿನಲ್ಲಿ ನೆಲೆಸಿರುವವರದ್ದು ಒಂದು ಸಂಘ ಇದೆ. ಈ ಸಲದ ಸಭೆಯಲ್ಲಿ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನಗೆ ಬಂತು. ತೆರೆದು ನೋಡಿದರೆ ಮುಖಪುಟದ ತುಂಬಾ ಹಿಂದಿನ ಅಧ್ಯಕ್ಷರ ಸಂದೇಶ. ಅದರ ಕೆಳಗೆ ಕಾಲೇಜಿನ ಇತಿಹಾಸ. ‘ಮುಂದಿನ ಕಾರ್ಯಕ್ರಮ’ ಅಂತ ಇರುವ ಕಡೆ ಎಂದೋ ಮುಗಿದುಹೋದ ಕಾರ್ಯಕ್ರಮದ ಹೆಸರು. ಫೋಟೋ ಗ್ಯಾಲರಿ ಮೊಬೈಲ್‌ನಲ್ಲಿ ತೆರೆಯುವುದೇ ಇಲ್ಲ.

ಸಮಿತಿಯಲ್ಲಿ ಎರಡು ಅಭಿಪ್ರಾಯ ಇವೆ. ಕೆಲವರು ‘ವಾಟ್ಸಾಪ್ ಗ್ರೂಪ್ ಇರುವಾಗ ಸೈಟ್ ಯಾಕೆ, ಮುಚ್ಚಿಬಿಡಿ’ ಅನ್ನುತ್ತಾರೆ. ಇನ್ನು ಕೆಲವರಿಗೆ ಲಾಗಿನ್, ಸದಸ್ಯರ ಪಟ್ಟಿ, ಉದ್ಯೋಗದ ಜಾಹೀರಾತು, ಚರ್ಚೆಯ ಜಾಗ ಎಲ್ಲವೂ ಬೇಕು. ನನಗೆ ತಾಂತ್ರಿಕ ಜ್ಞಾನ ಅಷ್ಟಕ್ಕಷ್ಟೇ. ವಾರಕ್ಕೆ ಒಂದೆರಡು ಗಂಟೆ ಕೊಡಬಲ್ಲೆ. ಇಂಥ ಸೈಟ್ ನಡೆಸಿದ ಅನುಭವ ಇರುವವರು ದಯವಿಟ್ಟು ಹೇಳಿ, ಮೊದಲು ಏನು ಮಾಡಬೇಕು?

ಕೊನೆಬೆಂಚು:

ಸಂಪಿಗೆಮರ ಅವರೇ, ಸೈಟ್ ಮುಚ್ಚಬೇಡಿ. ನಮ್ಮ ಸಂಘದ ಸೈಟನ್ನು ಬಹಳ ಕಾಲದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲೂ ಇದೇ ವಾದ ಆಗಿತ್ತು.

ವಾಟ್ಸಾಪ್ ಗ್ರೂಪ್ ಇರುವುದು ಆಗಲೇ ಒಳಗೆ ಬಂದವರಿಗೆ. ಸೈಟ್ ಬೇಕಾಗಿರುವುದು ಇನ್ನೂ ಹೊರಗಿರುವವರಿಗೆ. ಹೊಸ ಕೆಲಸ ಸಿಕ್ಕಿ ನಿಮ್ಮ ಊರಿಗೆ ಈಗಷ್ಟೇ ಬಂದಿಳಿದ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. ಅವಳಿಗೆ ಇಲ್ಲಿ ಯಾರೂ ಗೊತ್ತಿಲ್ಲ. ರಾತ್ರಿ ಫೋನ್ ಹಿಡಿದು ಕಾಲೇಜಿನ ಹೆಸರು, ಊರಿನ ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕುತ್ತಾಳೆ. ನಿಮ್ಮ ಗ್ರೂಪ್ ಅವಳಿಗೆ ಸಿಗುವುದಿಲ್ಲ. ಸಿಕ್ಕರೂ ಒಂದು ಗ್ರೂಪಿನಲ್ಲಿ 1024 ಜನಕ್ಕಿಂತ ಜಾಸ್ತಿ ಸೇರಿಸಲು ಆಗುವುದಿಲ್ಲ, ನಿನ್ನೆ ಹಾಕಿದ ಮಾಹಿತಿ ಇವತ್ತು ಶುಭೋದಯಗಳ ಕೆಳಗೆ ಎಲ್ಲೋ ಹೋಗಿರುತ್ತದೆ. ಅವಳಿಗೆ ಬೇಕಾದದ್ದು ಮೂರೇ ಸಂಗತಿ. ಮುಂದೆ ಯಾವಾಗ ಸೇರುತ್ತೀರಿ, ಸದಸ್ಯೆ ಆಗುವುದು ಹೇಗೆ, ಯಾರನ್ನು ಕೇಳಬೇಕು. ಈ ಮೂರೂ ಮೊಬೈಲ್‌ನಲ್ಲಿ ಬೆರಳಾಡಿಸುವ ಮೊದಲೇ ಕಾಣಬೇಕು. ಅಧ್ಯಕ್ಷರ ಸಂದೇಶವನ್ನು ‘ನಮ್ಮ ಬಗ್ಗೆ’ ಪುಟಕ್ಕೆ ಕಳಿಸಿ, ಅವರಿಗೆ ಬೇಸರ ಆಗದ ಹಾಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಕಾರ್ಯಕ್ರಮದ ಸುದ್ದಿ ಬರೆಯುವುದರಲ್ಲೇ ಅರ್ಧ ಕೆಲಸ ಇದೆ. ಹೆಚ್ಚಿನ ಸಂಘಗಳು ಒಂದು ಪೋಸ್ಟರ್ ಚಿತ್ರ ಹಾಕಿ ಸುಮ್ನೆ ಇದ್ದುಬಿಡುತ್ತವೆ. ಚಿತ್ರದೊಳಗಿನ ಅಕ್ಷರ ಮೊಬೈಲ್‌ನಲ್ಲಿ ಓದಲು ಕಷ್ಟ, ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಸಿಗುವುದೇ ಇಲ್ಲ. ಪೋಸ್ಟರ್ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಪಕ್ಕದಲ್ಲಿ ಹೀಗೆ ಬರೆಯಿರಿ:

‘ಹೊಸಬರ ಭೇಟಿ. 14 ಮಾರ್ಚ್ 2026, ಶನಿವಾರ, ಸಂಜೆ 5ರಿಂದ 7. ಮನೆಯವರನ್ನೂ ಕರೆತರಬಹುದು. ಶುಲ್ಕ ಇಲ್ಲ. ಬರುವವರು ಗುರುವಾರದ ಒಳಗೆ ಈ ಫಾರ್ಮ್ ತುಂಬಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಹಿಂದಿನ ಬಾಗಿಲಿನಿಂದ ದಾರಿ ಇದೆ.’

ಇದರ ಕೆಳಗೆ ಜಾಗದ ಹೆಸರು, ಮ್ಯಾಪ್ ಲಿಂಕ್. ಇಸವಿ ಬರೆಯುವುದನ್ನು ಮಾತ್ರ ಬಿಡಬೇಡಿ. ‘ಮಾರ್ಚ್ 14’ ಅಂತಷ್ಟೇ ಇದ್ದರೆ ಅದು ಯಾವ ವರ್ಷದ್ದೋ ಹೊಸಬರಿಗೆ ಗೊತ್ತಾಗುವುದಿಲ್ಲ. ಮುಂದಿನ ದಿನಾಂಕ ಇನ್ನೂ ಗೊತ್ತಾಗಿಲ್ಲ ಅಂದರೆ ಅದನ್ನೇ ಬರೆಯಿರಿ: ‘ಜೂನ್‌ನಲ್ಲಿ ಸೇರುತ್ತೇವೆ, ದಿನಾಂಕ ಮೇ ಕೊನೆಗೆ ಹಾಕುತ್ತೇವೆ.’ ಖಾಲಿ ಜಾಗ ನೋಡಿದವರು ಸಂಘ ನಿಂತೇಹೋಗಿದೆ ಅಂದುಕೊಳ್ಳುತ್ತಾರೆ.

ಕೆಲಸ ಕಡಿಮೆ ಆಗಬೇಕಾದರೆ ಗೂಗಲ್ ಕ್ಯಾಲೆಂಡರ್‌ನಲ್ಲಿ ಸಂಘಕ್ಕೆಂದೇ ಒಂದು ಸಾರ್ವಜನಿಕ ಕ್ಯಾಲೆಂಡರ್ ಮಾಡಿ, ಅದನ್ನೇ ಸೈಟಿಗೆ ಕೂಡಿಸಿ. ಒಂದು ಕಡೆ ತಿದ್ದಿದರೆ ಸೈಟಿನಲ್ಲೂ ತಿದ್ದುಪಡಿ ಆಗುತ್ತದೆ. ಸದಸ್ಯರು ಅದನ್ನು ತಮ್ಮ ಫೋನಿನ ಕ್ಯಾಲೆಂಡರ್‌ಗೆ ಸೇರಿಸಿಕೊಳ್ಳಬಹುದು. ಗ್ರೂಪಿಗೆ ಪೂರ್ತಿ ಮಾಹಿತಿ ಸುರಿಯಬೇಡಿ, ಸೈಟಿನ ಲಿಂಕ್ ಹಾಕಿ. ಸಮಯ ಬದಲಾದರೆ ಅದೇ ಲಿಂಕಿನಲ್ಲಿ ಸರಿ ಮಾಹಿತಿ ಇರುತ್ತದೆ, ಹಳೆ ಮೆಸೇಜ್ ನಂಬಿ ಯಾರೂ ಬೀಗ ಹಾಕಿದ ಬಾಗಿಲ ಮುಂದೆ ಬಂದು ನಿಲ್ಲುವುದಿಲ್ಲ.

ಇಷ್ಟೆಲ್ಲಕ್ಕಿಂತ ಮೊದಲು, ಇವತ್ತೇ, ಒಂದು ವಿಷಯ ವಿಚಾರಿಸಿ. ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ, ಯಾವ ಇಮೇಲ್‌ಗೆ ನೋಂದಣಿ ಆಗಿದೆ? ಡಾಟ್ ಕಾಮ್, ಡಾಟ್ ಆರ್ಗ್ ಥರದ ಹೆಸರುಗಳ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ನೆನಪಿನ ಮೇಲ್ ಬರುತ್ತದೆ. ಊರು ಬಿಟ್ಟುಹೋದ ಹಳೆ ಕಾರ್ಯದರ್ಶಿಯ ಮೇಲ್‌ಗೆ ಅದು ಬಂದು ಬಿದ್ದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಧಿ ಮುಗಿದು ಹೆಸರು ಅಳಿಸಿದ ಮೇಲೂ 30 ದಿನ ಅದನ್ನು ವಾಪಸ್ ಪಡೆಯಬಹುದು, ಆದರೆ ಮಾಮೂಲಿ ನವೀಕರಣಕ್ಕಿಂತ ತುಂಬಾ ಜಾಸ್ತಿ ದುಡ್ಡು ಕೇಳುತ್ತಾರೆ. ಅದೂ ದಾಟಿದರೆ 5 ದಿನದಲ್ಲಿ ಹೆಸರು ಯಾರು ಬೇಕಾದರೂ ಕೊಳ್ಳುವ ಹಾಗೆ ಆಗುತ್ತದೆ. ಸಂಘದ ಹೆಸರಿನಲ್ಲಿ ಜೂಜಿನ ಸೈಟ್ ಬಂದು ಕೂತರೆ ಏನು ಮಾಡುತ್ತೀರಿ? ಸಂಘಕ್ಕೇ ಒಂದು ಇಮೇಲ್ ತೆರೆಯಿರಿ. ಡೊಮೇನ್, ಹೋಸ್ಟಿಂಗ್ (ಸೈಟಿನ ಫೈಲುಗಳನ್ನು ಇಡುವ ಜಾಗ), ಕ್ಯಾಲೆಂಡರ್ ಎಲ್ಲ ಅದರಲ್ಲೇ ಇರಲಿ. ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ. ಎರಡನೇ ಹಂತದ ಭದ್ರತೆಯ ರಿಕವರಿ ಕೋಡ್‌ಗಳನ್ನು (ಫೋನ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಬೇಕಾಗುವವು) ಪ್ರಿಂಟ್ ತೆಗೆದು ಸಂಘದ ಕಡತದಲ್ಲಿಡಿ.

ನಕ್ಷತ್ರಿಕ:

ಕೊನೆಬೆಂಚು ಅವರು ಹೇಳಿದ್ದಕ್ಕೆ ಫೋಟೋ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಫೋನಿನಲ್ಲಿ ತೆಗೆದ ಒಂದು ಫೋಟೋ ಸುಲಭವಾಗಿ 3–4 ಎಂಬಿ ಇರುತ್ತದೆ. ಅಂಥವು ನಲವತ್ತು ಒಂದೇ ಪುಟದಲ್ಲಿದ್ದರೆ ತೆರೆಯದೇ ಇರುವುದು ಸಹಜ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ಫೈಲ್ ಚಿಕ್ಕದಾಗುವ ವೆಬ್‌ಪಿ ರೂಪದಲ್ಲಿ ಉಳಿಸಿ. ಎಷ್ಟೋ ಚಿತ್ರಗಳು 300 ಕೆಬಿ ಒಳಗೆ ಬಂದುಬಿಡುತ್ತವೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಫೋಟೋ ತೆಗೆದ ಜಾಗದ ವಿವರ ಫೈಲಿನೊಳಗೇ ಅಡಗಿರಬಹುದು. ಯಾರದ್ದಾದರೂ ಮನೆಯಲ್ಲಿ ಸೇರಿದ್ದರೆ ಅದನ್ನು ತೆಗೆದುಹಾಕಿಯೇ ಏರಿಸಿ. ಮಕ್ಕಳ ಮುಖ ಇದ್ದರೆ ಅಪ್ಪ ಅಮ್ಮನನ್ನು ಕೇಳಿ.

ಇಮೇಲ್ ಕಳಿಸುವುದಿದ್ದರೆ ಒಂದು ಎಚ್ಚರ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ ಸುಮಾರು 500 ಜನಕ್ಕಷ್ಟೇ ಕಳಿಸಬಹುದು. ಸಂಘದ ಡೊಮೇನ್‌ನಿಂದಲೇ ಕಳಿಸುವುದಾದರೆ ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂದಿದೆ ಅಂತ ತೋರಿಸುವ ಗುರುತುಗಳು) ಎರಡನ್ನೂ ಸರಿಯಾಗಿ ಹಾಕಿಸಿ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಇವು ಇಲ್ಲದಿದ್ದರೆ ಆಮಂತ್ರಣ ಸ್ಪ್ಯಾಮ್‌ಗೆ ಹೋಗಿ ಬೀಳಬಹುದು, ಇಲ್ಲವೇ ತಲುಪದೇ ವಾಪಸ್ ಬರಬಹುದು.

ಸಂಪಿಗೆಮರ:

ಇಬ್ಬರಿಗೂ ತುಂಬಾ ಧನ್ಯವಾದ. ಡೊಮೇನ್ ಹಿಂದಿನ ಖಜಾಂಚಿಯವರ ಸ್ವಂತ ಇಮೇಲ್‌ನಲ್ಲಿದೆ ಅಂತ ಗೊತ್ತಾಯಿತು. ಅವರು ಖುಷಿಯಿಂದ ವರ್ಗಾಯಿಸಲು ಒಪ್ಪಿದ್ದಾರೆ. ಈಗ ಉಳಿದಿರುವ ದೊಡ್ಡ ಪ್ರಶ್ನೆ ಸದಸ್ಯರ ಪಟ್ಟಿ. ಹೆಸರು, ಬ್ಯಾಚ್, ಫೋನ್ ನಂಬರ್, ಕೆಲಸ ಎಲ್ಲ ಸೈಟಿನಲ್ಲಿ ಇರಲೇಬೇಕು ಅಂತ ಕೆಲ ಹಿರಿಯರ ಪಟ್ಟು. ಲಾಗಿನ್ ಇಟ್ಟರೆ ಸಾಲದೇ? ಸೈಟ್ ಈಗ ವರ್ಡ್‌ಪ್ರೆಸ್ ಅನ್ನುವ, ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿದೆ.

ಕೊನೆಬೆಂಚು:

ಖಜಾಂಚಿಯವರು ಒಪ್ಪಿದ್ದು ಒಳ್ಳೆಯದಾಯಿತು. ವರ್ಗಾವಣೆ ಮುಗಿದ ಮೇಲೆ ಆಟೋ ರಿನ್ಯೂವಲ್ ಆನ್ ಇದೆಯಾ, ಯಾವ ಕಾರ್ಡಿನಿಂದ ದುಡ್ಡು ಹೋಗುತ್ತದೆ ಅಂತಲೂ ನೋಡಿ.

ಪಟ್ಟಿಯ ವಿಷಯದಲ್ಲಿ ಹಿರಿಯರ ಆಸೆ ನನಗೆ ಅರ್ಥವಾಗುತ್ತದೆ. ಹಳೆ ಗೆಳೆಯರನ್ನು ಹುಡುಕಬೇಕು ಅನ್ನುವುದೇ ಅವರ ಮನಸ್ಸಿನಲ್ಲಿರುವುದು, ಅಲ್ವಾ? ಆದರೆ ಫೋನ್ ನಂಬರ್ ಯಾರನ್ನೂ ಕೇಳದೆ ಹಾಕಬೇಡಿ, ಲಾಗಿನ್ ಹಿಂದೆ ಕೂಡ. ಲಾಗಿನ್ ಅಂದರೆ ಪಾಸ್‌ವರ್ಡ್ ಮರೆತವರಿಗೆ ಉತ್ತರ ಕೊಡುವುದು, ಹೊಸ ಖಾತೆ ನಿಜವಾದವರದ್ದೇ ಅಂತ ಪರೀಕ್ಷಿಸುವುದು, ಪ್ಲಗಿನ್‌ಗಳನ್ನು (ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಚಿಕ್ಕ ಸಾಫ್ಟ್‌ವೇರ್‌ಗಳು) ತಪ್ಪದೆ ಅಪ್‌ಡೇಟ್ ಮಾಡುವುದು. ವರ್ಡ್‌ಪ್ರೆಸ್ ಸೈಟಿಗೆ ಕನ್ನ ಹಾಕುವವರು ಹೆಚ್ಚಾಗಿ ನುಗ್ಗುವುದೇ ಹಳತಾದ ಪ್ಲಗಿನ್ ಮೂಲಕ. ವಾರಕ್ಕೆ ಒಂದೆರಡು ಗಂಟೆಯಲ್ಲಿ ನೂರಾರು ಜನರ ವಿವರ ಕಾಯುವುದು ಕಷ್ಟ.

ನಾವು ಮಾಡಿದ್ದು ಹೇಳುತ್ತೇನೆ. ಸೈಟಿನಲ್ಲಿ ‘ಗೆಳೆಯರನ್ನು ಹುಡುಕುತ್ತಿದ್ದೀರಾ?’ ಅಂತ ಒಂದು ಫಾರ್ಮ್ ಇದೆ. ಹುಡುಕುವವರ ಹೆಸರು, ಬ್ಯಾಚ್, ಯಾರು ಬೇಕು, ಎರಡು ಸಾಲು ಸಂದೇಶ, ಅಷ್ಟೇ. ಅದು ಸಂಘದ ಇಮೇಲ್‌ಗೆ ಬರುತ್ತದೆ. ನಾವು ಆ ಸದಸ್ಯರಿಗೆ ತಲುಪಿಸುತ್ತೇವೆ. ಉತ್ತರ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಕೇಳಿದವರಿಗೆ ನಾವಾಗಿ ನಂಬರ್ ಕೊಡುವುದಿಲ್ಲ. ಹಾಸ್ಟೆಲ್‌ನಲ್ಲಿ ಒಂದೇ ಕೋಣೆಯಲ್ಲಿದ್ದು ದೂರವಾದ ಇಬ್ಬರು ಇದರಿಂದಲೇ ಮತ್ತೆ ಸಿಕ್ಕಿದರು. ಅವರಲ್ಲೊಬ್ಬರು ಈಗ ನಮ್ಮ ಸಮಿತಿಯಲ್ಲಿ ದುಡಿಯುತ್ತಿದ್ದಾರೆ. ಹಿರಿಯರಿಗೆ ಇಂಥದ್ದೊಂದು ಉದಾಹರಣೆ ಹೇಳಿ, ಪಟ್ಟು ಸಡಿಲಿಸಬಹುದು. ಉದ್ಯೋಗದ ಸುದ್ದಿಗೆ ಬೇರೆ ವಿಭಾಗ ಬೇಡ, ಲಿಂಕ್ಡ್‌ಇನ್‌ನಲ್ಲಿ ಒಂದು ಗ್ರೂಪ್ ಮಾಡಿ ಅದರ ಕೊಂಡಿ ಕೊಡಿ ಸಾಕು. ಚರ್ಚೆಯ ಜಾಗವಂತೂ ಖಂಡಿತ ಬೇಡ, ಮಾತಿಗೆ ಗ್ರೂಪ್ ಇದ್ದೇ ಇದೆ.

ಇನ್ನೊಂದು ವಿಷಯ. ಪುಟಗಳನ್ನು ಹೊಸದಾಗಿ ಜೋಡಿಸುವಾಗ ಹಳೆ ವಿಳಾಸಗಳನ್ನು ಸುಮ್ನೆ ಅಳಿಸಬೇಡಿ. ಕಾಲೇಜಿನ ಸೈಟಿನಲ್ಲೋ ಬೇರೆ ಸಂಘಗಳ ಸೈಟಿನಲ್ಲೋ ನಿಮ್ಮ ಹಳೆ ಲಿಂಕ್ ಇರಬಹುದು. ಹಳೆ ವಿಳಾಸಕ್ಕೆ ಬಂದವರು ತಾನಾಗಿಯೇ ಹೊಸದಕ್ಕೆ ಹೋಗುವ ಹಾಗೆ 301 ರೀಡೈರೆಕ್ಟ್ ಹಾಕಿಸಿ, ವರ್ಡ್‌ಪ್ರೆಸ್‌ನಲ್ಲಿ ಅದಕ್ಕೆ ಉಚಿತ ಪ್ಲಗಿನ್ ಸಿಗುತ್ತದೆ. ಬದಲಾವಣೆ ಶುರು ಮಾಡುವ ಮೊದಲು ಇಡೀ ಸೈಟಿನ ಬ್ಯಾಕಪ್ ತೆಗೆದಿಡಿ. ಆ ಹಳೆ ಫೋಟೋಗಳ ಮೂಲ ಪ್ರತಿ ಬೇರೆ ಯಾರ ಹತ್ತಿರವೂ ಇಲ್ಲದಿರಬಹುದು.