‘ಅಂಡರ್‌ಯೂಸ್ಡ್ ವಾಟರ್‌ಫ್ರಂಟ್’: ಪಾಳು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಗರ ಯೋಜನೆಯ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅಂಡರ್‌ಯೂಸ್ಡ್ ವಾಟರ್‌ಫ್ರಂಟ್ ಲ್ಯಾಂಡ್’, ಅಂದರೆ ನೀರಿನ ಅಂಚಿನಲ್ಲಿದ್ದೂ ಪೂರ್ತಿ ಬಳಕೆಯಾಗದ ನೆಲ, ಎಂಬಲ್ಲಿ ಮೂರು ದಿನದಿಂದ ತಡೆದು ನಿಂತಿದ್ದೇನೆ.

ಮೊದಲು ವಾಟರ್‌ಫ್ರಂಟ್. ಗೆಳೆಯರೊಬ್ಬರು ‘ಜಲಮುಖ’ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ನದಿಯ ಮುಖ ಅಂದರೆ ನಮಗೆ ಅದು ಕಡಲು ಸೇರುವ ಜಾಗ. ಶಾಲೆಯಲ್ಲಿ ಓದಿದ ‘ನದೀಮುಖಜ ಭೂಮಿ’ ನೆನಪಿದೆ ಅಲ್ವಾ? ಇನ್ನು ‘ದಡ’, ‘ದಂಡೆ’ ಎರಡೂ ಒಂದೇ ಅನ್ನಿಸಿದರೂ ಬಳಕೆಯಲ್ಲಿ ಸ್ವಲ್ಪ ಬೇರೆ. ದಡ ಮುಟ್ಟುವುದು ನೀರಿನಲ್ಲಿರುವವರು. ದಂಡೆಗೆ ಅಗಲವಿದೆ. ಎಡದಂಡೆ, ಬಲದಂಡೆ ಅಂದಾಗ ಆಚೀಚೆಯ ನೆಲವೂ ಕಣ್ಣಿಗೆ ಬರುತ್ತದೆ. ಹಾಗಾಗಿ ‘ನೀರದಂಡೆ’ ಅಂತ ಬರೆದುಕೊಂಡಿದ್ದೇನೆ. ಹೊಳೆ, ಕೆರೆ, ಕಡಲು ಮೂರಕ್ಕೂ ಹೊಂದುತ್ತದೆ.

ತೊಡಕು ಇರುವುದು ‘ಅಂಡರ್‌ಯೂಸ್ಡ್’ನಲ್ಲಿ. ಸುಮ್ನೆ ‘ಪಾಳು’ ಅಂತ ಬರೆದರೆ ಕೆಲಸ ಮುಗಿಯುತ್ತದೆ, ಅರ್ಥ ಕೆಡುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹಡಗುಗಳು ಸರಕು ಇಳಿಸುತ್ತಿದ್ದ ಆಲ್ಬರ್ಟ್ ಡಾಕ್ ನೋಡಿ. 1846ರಲ್ಲಿ ಶುರುವಾದದ್ದು. ಹಡಗುಗಳು ದೊಡ್ಡವಾದವು, ಆಮೇಲೆ ಸರಕು ತುಂಬುವ ದೊಡ್ಡ ಪೆಟ್ಟಿಗೆ, ಕಂಟೇನರ್ ಬಂತು. ಆಳದ ನೀರು, ವಿಶಾಲವಾದ ಅಂಗಳ ಬೇಕಾಯಿತು. ಎರಡೂ ಅಲ್ಲಿ ಇರಲಿಲ್ಲ. 1972ರಲ್ಲಿ ಮುಚ್ಚಿದರು, ಹೂಳು ತುಂಬಿತು. ಅದನ್ನು ಪಾಳು ಅನ್ನಬಹುದು. 1988ರಲ್ಲಿ ಅದೇ ಹಳೇ ಗೋದಾಮುಗಳಲ್ಲಿ ಅಂಗಡಿ, ಗ್ಯಾಲರಿ ಬಂದವು.

ಅಹಮದಾಬಾದಿನ ಸಾಬರಮತಿ ದಂಡೆ ಹಾಗಿರಲಿಲ್ಲ. ಅಲ್ಲಿ ಭಾನುವಾರ ಗುಜರಿ ಬಜಾರ್ ಸೇರುತ್ತಿತ್ತು. ಜನ ಬಟ್ಟೆ ಒಗೆಯುತ್ತಿದ್ದರು, ಗುಡಿಸಲು ಹಾಕಿಕೊಂಡು ಬಾಳುತ್ತಿದ್ದರು. ದಂಡೆಯನ್ನು ಹೊಸದಾಗಿ ಕಟ್ಟುವ ರಿವರ್‌ಫ್ರಂಟ್ ಯೋಜನೆ ಬಂದಾಗ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಭೂಮಿಯ ಬೆಲೆ ಲೆಕ್ಕ ಹಾಕುವವರಿಗೆ ಅದು ಕಡಿಮೆ ಬಳಕೆಯ ಜಾಗ. ಆದರೆ ‘ಪಾಳು’ ಅಂತ ಬರೆದರೆ ಆ ಜನರೇ ವಾಕ್ಯದಿಂದ ಹೊರಗೆ ಬೀಳುತ್ತಾರೆ. ನನ್ನ ಅನುವಾದದಲ್ಲಿ ಹಾಗಾಗಬಾರದು.

‘ಬೀಳು’ ಹತ್ತಿರದ ಪದ. ಉತ್ತರೆ ಮತ್ತೆ ಬೆಳೆ ಬರುತ್ತದೆ ಎಂಬ ಭರವಸೆ ಅದರಲ್ಲಿದೆ. ಕರಾವಳಿಯ ‘ಹಡಿಲು’ ಕೂಡ ಹಾಗೇ. ಆದರೂ ಎರಡರಲ್ಲೂ ‘ಸದ್ಯಕ್ಕೆ ಯಾರೂ ಬಳಸುತ್ತಿಲ್ಲ’ ಅನ್ನುವ ಅರ್ಥವೇ ಜಾಸ್ತಿ.

ಕೊನೆಗೆ ‘ಅರೆಬಳಕೆ’ ಹೊಳೆಯಿತು. ಅರೆಹೊಟ್ಟೆ ಅಂದರೆ ಉಪವಾಸವಲ್ಲ, ಊಟ ಸಾಲದು ಅಂತ. ಹಾಗೆಯೇ ‘ಅರೆಬಳಕೆಯ ನೀರದಂಡೆ’. ಅದೇ ಬರಹದಲ್ಲಿ ಬರುವ ‘ಡೆವಲಪ್‌ಮೆಂಟ್ ಪೊಟೆನ್ಶಿಯಲ್’ಗೆ ‘ಅಭಿವೃದ್ಧಿ ಸಾಮರ್ಥ್ಯ’ ಬಿಟ್ಟು ‘ಬೆಳೆಸಲು ಇರುವ ಅವಕಾಶ’ ಅಂತ ಬಿಡಿಸಿ ಬರೆದಿದ್ದೇನೆ.

ಒಂದೇ ಅಳುಕು. ‘ಅರೆಬಳಕೆ’ ಅಂದರೆ ಓದುವವರಿಗೆ ಸೆಕೆಂಡ್ ಹ್ಯಾಂಡ್ ವಸ್ತು ನೆನಪಾಗುತ್ತದೆಯೇ? ದೋಣಿ ಎಳೆದಿಡುವ, ಬಲೆ ಒಣಗಿಸುವ ಜಾಗಕ್ಕೆ ನಿಮ್ಮ ಕಡೆಯ ಮಾತಿನಲ್ಲಿ ಬೇರೆ ಹೆಸರಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.